ಬಿಟ್ಟಿದ್ದೀಯ, ಮರ್ವ್

ಮರ್ವಜ್ಜನ ಮನೆಯ ಮುಂದಿನ ಕೋಣೆಯಲ್ಲಿ ಗಾಜಿನ ಬಾಗಿಲಿನ ಬೀರು ಒಂದಿದೆ. ಅದರ ತುಂಬ ಅವನ ಹೆಂಡತಿ ಲೋರ್ನಾಳ ಚಹಾ ಕೆಟಲುಗಳು. ಕೋಳಿಯ ಆಕಾರದ್ದು, ಕುಂಬಳಕಾಯಿಯ ಆಕಾರದ್ದು, ರಾಣಿಯ ಮುಖ ಇರುವಂಥದ್ದು. ಹೋದ ವರ್ಷ ಚಳಿಗಾಲದ ಒಂದು ಬೆಳಿಗ್ಗೆ ಅವೆಲ್ಲವೂ ಹಿತ್ತಲಿನ ಬಟ್ಟೆ ಒಗೆಯುವ ಕೋಣೆಗೆ ವರ್ಗವಾದವು. ರಾಣಿ ಹೋಗಿ ಸಾಬೂನು ಪುಡಿಯ ಡಬ್ಬಿಯ ಪಕ್ಕ ಕೂತಳು. ಖಾಲಿಯಾದ ಬೀರುವಿನ ನಡುವಿನ ಹಲಗೆಯ ಮೇಲೆ ಮರ್ವಜ್ಜ ಹಸಿರು ಮಖಮಲ್ಲಿನ ತುಂಡೊಂದನ್ನು ಹಾಸಿದ. ಅಲ್ಲಿಗೆ ಒಂದು ಪುಸ್ತಕ ಬರಬೇಕಾಗಿತ್ತು. ಪುಸ್ತಕ ಇನ್ನೂ ಮುಗಿದಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದನಲ್ಲ ಎಂದು ಲೋರ್ನಾ ಬೀದಿಗೆಲ್ಲ ಹೇಳಿಕೊಂಡು ಬಂದಳು.

ಆ ಪುಸ್ತಕ ಮಾಡುತ್ತಿದ್ದವರು ಇಬ್ಬರು: ಮರ್ವಜ್ಜ, ಮತ್ತು ನಮ್ಮಜ್ಜಿಯ ತಂಗಿ ರೀಪೆಕಜ್ಜಿ. ಕಾಗದ ಅವಳದು, ಹೊಲಿಗೆ ಮತ್ತು ಚರ್ಮದ ಕೆಲಸ ಅವನದು. ಈ ಕಥೆಯನ್ನು ನಾನು ಇಬ್ಬರ ಬಾಯಲ್ಲೂ ಕೇಳಿದ್ದೇನೆ. ಮರ್ವಜ್ಜ ಹೇಳಿದರೆ ಇದು ಒಂದು ಪುಸ್ತಕದ ಕಥೆ. ರೀಪೆಕಜ್ಜಿ ಹೇಳಿದರೆ ಒಬ್ಬ ಮೊಂಡನ ಕಥೆ. ಎರಡೂ ಎಳೆ ಸೇರಿಸಿ ಹೇಳುತ್ತೇನೆ, ಕೇಳಿ.

ಮರ್ವಜ್ಜ ನಮ್ಮ ವೈರೋವಾ ನದಿಯ ದಂಡೆಯ ಮೇಲಿದ್ದ ಮಾಂಸದ ಕಾರ್ಖಾನೆಯಲ್ಲಿ ದುಡಿದವನು. ಊರಿನ ಅರ್ಧಕ್ಕರ್ಧ ಗಂಡಸರು ಆಗ ಅಲ್ಲೇ ಇದ್ದರು. ಅಲ್ಲಿ ತಲೆಯ ಮೇಲೊಂದು ಚೈನು ಸಾಗುತ್ತಿರುತ್ತದೆ, ಅದರ ಕೊಕ್ಕೆಗಳಿಗೆ ಕುರಿಗಳು ಜೋತುಬಿದ್ದು ಒಂದರ ಹಿಂದೊಂದು ಬರುತ್ತವೆ. ಚೈನಿನ ಪಕ್ಕ ಸಾಲಾಗಿ ನಿಂತ ಒಬ್ಬೊಬ್ಬನಿಗೂ ಒಂದೇ ಒಂದು ಕೆಲಸ. ಮರ್ವಜ್ಜನದು ಮುಂಗಾಲಿನ ಚರ್ಮ ಬಿಡಿಸುವುದು. ಒಂದು ಕುರಿಯ ಮುಂಗಾಲು, ಆಮೇಲೆ ಇನ್ನೊಂದರ ಮುಂಗಾಲು, ಸಂಜೆಯವರೆಗೂ ಬರೀ ಮುಂಗಾಲು. ಎಡಗಡೆಯಿಂದ ಬರುವಾಗಲೂ ಅದು ಅವನದಲ್ಲ, ಬಲಗಡೆಗೆ ಹೋಗುವಾಗಲೂ ಅವನದಲ್ಲ.

ಬಲಗಡೆ ನಿಂತಿದ್ದವನು ಪಾವೊರಾ. ಮರ್ವಜ್ಜ ಮುಂಗಾಲು ಮುಗಿಸಿ ಬಿಟ್ಟ ಕುರಿಗೆ ಎದೆಯ ಚರ್ಮ ಬಿಡಿಸುವುದು ಅವನ ಕೆಲಸ. ಆಳು ಬೆಟ್ಟದ ಹಾಗಿದ್ದ, ಮಾತು ಮಾತ್ರ ಕಡಿಮೆ. ಚೈನಿನ ಓಟದಲ್ಲಿ ಮರ್ವಜ್ಜ ಎಲ್ಲಾದರೂ ಒಂದು ಚೂರು ಚರ್ಮ ಬಿಡಿಸದೆ ಬಿಟ್ಟರೆ, ಪಾವೊರಾ ತಲೆ ಎತ್ತದೆಯೇ "ಬಿಟ್ಟಿದ್ದೀಯ, ಮರ್ವ್" ಅನ್ನುತ್ತಿದ್ದ. ಹಾಗಂದು, ಮೇಸ್ತ್ರಿಯ ಕಣ್ಣಿಗೆ ಬೀಳುವ ಮುಂಚೆ ತಾನೇ ಅದನ್ನು ಬಿಡಿಸಿಬಿಡುತ್ತಿದ್ದ. ಈ ಮಾತು ಕಾರ್ಖಾನೆಯಿಂದ ಊರಿಗೂ ಬಂತು. ಮರ್ವಜ್ಜ ರಗ್ಬಿ ಆಟದಲ್ಲಿ ಚೆಂಡು ಕೈಬಿಟ್ಟರೂ, ಗ್ಲಾಸಿನ ತಳದಲ್ಲಿ ಒಂದು ಗುಟುಕು ಬಿಯರು ಉಳಿಸಿದರೂ ಪಾವೊರಾ ಹೇಳುತ್ತಿದ್ದದ್ದು ಅದನ್ನೇ. ಮರ್ವಜ್ಜ ತನ್ನ ಮದುವೆಯ ದಿನ ಉಂಗುರವನ್ನು ಕಾರಿನಲ್ಲೇ ಮರೆತಿದ್ದ. ಹಿಂದಿನ ಬೆಂಚಿನಿಂದ ಸಣ್ಣಗೆ ಅದೇ ದನಿ ಕೇಳಿ ಪಾದ್ರಿಯೂ ನಕ್ಕನಂತೆ.

ನಿವೃತ್ತನಾದ ಮೇಲೆ ಮರ್ವಜ್ಜನಿಗೆ ಒಂದು ಕೊರಗು ಹತ್ತಿತು. ಬಡಗಿಯಾದರೆ ತಾನು ಮಾಡಿದ ಕುರ್ಚಿ ತೋರಿಸುತ್ತಾನೆ, ಗಾರೆಯವನು ಗೋಡೆ ತೋರಿಸುತ್ತಾನೆ. ತಾನು ಮುಟ್ಟಿದ್ದೆಲ್ಲ ಹಡಗು ಹತ್ತಿ ಹೋಯಿತು, ಯಾವುದೋ ದೇಶದಲ್ಲಿ ಯಾರೋ ತಿಂದು ಕೈ ತೊಳೆದರು. ಇದು ನಾನು ಮಾಡಿದ್ದು ಎಂದು ಮೊಮ್ಮಕ್ಕಳಿಗೆ ತೋರಿಸಲು ಒಂದು ಗುಂಡಿಯೂ ಇಲ್ಲ. ಕೈ ಬೇರೆ ಸುಮ್ಮನೆ ಕೂರುತ್ತಿರಲಿಲ್ಲ. ಚೂರಿ ಮಸೆಯುವುದೊಂದು ಚಟವಾಗಿ, ಬೀದಿಯವರ ಚೂರಿಗಳೆಲ್ಲ ಮುಗಿದು, ಕೊನೆಗೆ ಲೋರ್ನಾಳ ಬೆಣ್ಣೆ ಸವರುವ ಚೂರಿಗೂ ಅವನು ಅಂಚು ತಂದ. ಅವಳು ನಾಲಿಗೆ ಕುಯ್ದುಕೊಂಡ ದಿನವೇ ಅವನನ್ನು ಲೈಬ್ರರಿಯಲ್ಲಿ ನಡೆಯುತ್ತಿದ್ದ ಬೈಂಡಿಂಗ್ ತರಗತಿಗೆ ಸೇರಿಸಿದಳು.

ಅಲ್ಲಿ ಅವನ ಕೈಗೆ ಕೆಲಸ ಸಿಕ್ಕಿತು. ಪುಸ್ತಕಕ್ಕೆ ಹೊದಿಸುವ ಚರ್ಮದ ಅಂಚನ್ನು ಒಳಗೆ ಮಡಿಸಬೇಕಾದರೆ ಅದನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಕೆತ್ತಬೇಕು. ಉಳಿದವರು ವರ್ಷಗಟ್ಟಲೆ ಹೆಣಗುವ ಈ ಕೆಲಸ ಅವನಿಗೆ ಹಳೆಯ ನೆಂಟ. ಬೇಗನೆ ಚರ್ಚಿನ ಕೀರ್ತನೆ ಪುಸ್ತಕಗಳು, ಅಡುಗೆ ಪುಸ್ತಕಗಳು, ಬೆನ್ನು ಮುರಿದ ಬೈಬಲ್ಲುಗಳು ಅವನ ಶೆಡ್ಡಿಗೆ ಬರತೊಡಗಿದವು. ಆದರೆ ಅವೂ ಬೇರೆಯವರ ವಸ್ತುಗಳೇ. ರಿಪೇರಿಯಾದ ಕೂಡಲೇ ಹೊರಟುಹೋಗುತ್ತಿದ್ದವು. ಅದೂ ಒಂದು ಚೈನೇ ಎಂದು ಮರ್ವಜ್ಜ ಗೊಣಗಿದ. ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು: ಮೊದಲಿನಿಂದ ಕೊನೆಯವರೆಗೆ ತಾನು ಮಾಡಿದ, ತನ್ನ ಮನೆಯಲ್ಲೇ ಉಳಿಯುವ ಒಂದು ವಸ್ತು.

ಆ ಬೈಬಲ್ಲುಗಳ ನಡುವೆ ಒಂದು ಪ್ರಾರ್ಥನೆಯ ಪುಸ್ತಕ ರೀಪೆಕಜ್ಜಿಯದು, ಅವಳ ಅಮ್ಮನಿಂದ ಬಂದದ್ದು. ಮರ್ವಜ್ಜ ಅದನ್ನು ಹೊಲಿದು, ಅಮ್ಮನ ಹೆಬ್ಬೆರಳಿನ ಕಲೆ ಇದ್ದ ಹಳೆಯ ಹೊದಿಕೆಯನ್ನೇ ಉಳಿಸಿ ಕೊಟ್ಟ. ರೀಪೆಕಜ್ಜಿ ಹೆಚ್ಚು ಮಾತಾಡದೆ ತೆಗೆದುಕೊಂಡು ಹೋದಳು.

ರೀಪೆಕಜ್ಜಿ ಹುಟ್ಟಾ ಹೆಣೆಯುವವಳು. ನದಿಯ ಬಳಿ ನಮ್ಮ ಮನೆಯವರು ತಲೆತಲಾಂತರದಿಂದ ಬೆಳೆಸಿದ ಹರಕೆಕೆ ಗಿಡಗಳಿವೆ. ಕತ್ತಿಯ ಹಾಗೆ ಉದ್ದದ, ನಾರು ತುಂಬಿದ ಎಲೆಗಳು. ಅವನ್ನು ಸೀಳಿ ಬುಟ್ಟಿ, ಚಾಪೆ ಹೆಣೆಯುತ್ತಾರೆ. ಎಲೆ ಕೊಯ್ಯುವ ಮುಂಚೆ ಪ್ರಾರ್ಥನೆ. ನಡುವಿನ ಸುಳಿ ಮಗು, ಅದರ ಎರಡು ಪಕ್ಕದ ಎಲೆಗಳು ಅಪ್ಪ ಅಮ್ಮ, ಆ ಮೂವರನ್ನು ಮುಟ್ಟುವ ಹಾಗಿಲ್ಲ. ಮಳೆಯಲ್ಲಿ ಕೊಯ್ಯಬಾರದು, ಕೊಯ್ದ ಎಲೆಯನ್ನು ದಾಟಬಾರದು, ಹೆಣೆಯುವ ಕಡೆ ತಿನ್ನುವ ಪದಾರ್ಥ ತರಬಾರದು. ಇವೆಲ್ಲ ಅವಳಿಗೆ ಉಸಿರಾಟದಷ್ಟು ಸಹಜ. ಆದರೆ ಬೆರಳಿನ ಗಂಟುಗಳು ಊದಿ, ಸಣ್ಣ ಹೆಣಿಗೆ ಕೈಲಾಗದೆ ಹೋದಾಗ ಅವಳು ಬೇರೆ ದಾರಿ ಹುಡುಕಿದಳು. ಎಲೆಗಳನ್ನು ಕತ್ತರಿಸಿ ಬೇಯಿಸಿ, ಜಜ್ಜಿ, ನೀರಿನಲ್ಲಿ ಕದಡಿ, ಬಲೆ ಕಟ್ಟಿದ ಚೌಕಟ್ಟಿನಲ್ಲಿ ಎತ್ತಿ, ಹಳೆಯ ಕಂಬಳಿಯ ಮೇಲೆ ಬೋರಲು ಹಾಕಿ ಒಣಗಿಸಿದಳು. ಅದು ಕಾಗದವಾಯಿತು.

ಒಂದು ದಿನ ಅವಳು ಮರ್ವಜ್ಜನ ಶೆಡ್ಡಿಗೆ ಬಂದು, ಪಾತ್ರೆ ಒರೆಸುವ ಟವೆಲಿನಲ್ಲಿ ಸುತ್ತಿದ್ದ ಒಂದೇ ಒಂದು ಹಾಳೆಯನ್ನು ಮೇಜಿನ ಮೇಲಿಟ್ಟು, "ಇದು ನಿಂಗೆ" ಅಂದಳು.

ಮರ್ವಜ್ಜ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಎಲೆ ಸರಿಯಾಗಿ ಬೆಂದಿರಲಿಲ್ಲ. ಕಲಸಲು ಮರೆತ ಗಂಜಿಯ ಹಾಗೆ ಗಂಟು ಗಂಟು. ಆದರೆ ಅವನ ತಲೆಯಲ್ಲಿ ದೀಪ ಹತ್ತಿತು: ಕಾಗದವೂ ಊರಿನದೇ ಆದರೆ ಪುಸ್ತಕ ಪೂರ್ತಿ ಇಲ್ಲೇ ಹುಟ್ಟಿದಂತಾಯಿತಲ್ಲ. ಇನ್ನೂ ತೆಳ್ಳಗೆ ಮಾಡಲಾಗುತ್ತದೆಯೇ, ಇನ್ನೂ ಇವೆಯೇ ಎಂದು ಒಂದೇ ಸಮ ಕೇಳಿದ. ಅವಳು ನೋಡೋಣ ಅಂದು ಚಹಾ ಕುಡಿದು ಹೋದಳು. ಮರ್ವಜ್ಜ ಹಾಳೆಯನ್ನು ಶೆಲ್ಫಿನ ಮೇಲೆ ರದ್ದಿಯ ಜೊತೆ ಇಟ್ಟ. ನಮೂನೆಗೆ ತಂದದ್ದು ಎಂದುಕೊಂಡಿದ್ದ.

ಹೀಗೆ ಇಬ್ಬರೂ ಜೊತೆಯಾದರು. ಆಮೇಲಿನ ತಿಂಗಳುಗಳ ಜಗಳ ನಮ್ಮ ಬೀದಿಗೆಲ್ಲ ಬಾಯಿಪಾಠ.

ಮೊದಲ ಜಗಳ ಸ್ಕೋನು ಎಂಬ ಪುಟ್ಟ ಬನ್ನಿನದು. ಮರ್ವಜ್ಜ ಬಾಯಲ್ಲಿ ಜಾಮು ಸವರಿದ ಸ್ಕೋನು ಕಚ್ಚಿಕೊಂಡು ಅವಳ ಹಾಳೆಗಳ ಮೇಲೆ ಬಾಗಿದ. ಅವಳು ಅವನ ಕಿವಿ ಹಿಡಿದು ಹೊರಗೆ ಕಳಿಸಿದಳು. ತಿನ್ನುವುದು ತರಬಾರದು ಅಂದರೆ ತನ್ನ ಮೈದಾ ಅಂಟನ್ನು ಏನು ಮಾಡಬೇಕು, ಅದೂ ತಿನ್ನುವ ಹಿಟ್ಟೇ ಅಲ್ಲವೇ ಎಂದು ಅವನು ಬಾಗಿಲಾಚೆಯಿಂದ ಕೇಳಿದ. ಪ್ರಶ್ನೆ ನ್ಯಾಯವಾದದ್ದೇ. ರೀಪೆಕಜ್ಜಿ ಒಂದು ವಾರ ಯೋಚಿಸಿದಳು. ಆಮೇಲೆ ತೀರ್ಪು ಕೊಟ್ಟಳು: "ನಿನ್ನ ಪಾತ್ರೇಲಿ ತಳ ಹಿಡಿದ ಮೇಲೆ ಅದನ್ನ ನಾಯೀನೂ ತಿನ್ನಲ್ಲ. ಹಾಗಾಗಿ ಅದು ಅಂಟು."

ಎರಡನೆಯದು ಅಂಚಿನದು. ಕೈಯಲ್ಲಿ ಎತ್ತಿದ ಕಾಗದದ ಅಂಚು ನೇರ ಇರುವುದಿಲ್ಲ, ಚಿಗುರು ಮೀಸೆಯ ಹಾಗೆ ಎಳೆಎಳೆಯಾಗಿರುತ್ತದೆ. ಮರ್ವಜ್ಜ ಚೂರಿ ತೆಗೆದು ನೇರ ಮಾಡಲು ಹೋದ. ಅವಳು ಕೈ ಅಡ್ಡ ಇಟ್ಟಳು.

"ಅದು ನೀರು ಬಂದು ನಿಂತ ಗೆರೆ ಕಣೋ. ನದಿಗೆ ದಂಡೆ ಜಾಸ್ತಿ ಆಯ್ತು ಅಂತ ಕತ್ತರಿಸ್ತೀಯಾ?"

"ಸ್ಕೂಲಿಗೆ ಹೊರಟ ಹುಡುಗನ ತಲೆ ಬಾಚದೆ ಕಳಿಸಿದ ಹಾಗಿದೆ ಕಣೇ."

"ಹಾಗೇ ಹೋಗ್ಲಿ. ಹುಡುಗ ನಂದು."

ಹಾಳೆಗಳು ಬಾಚದೆಯೇ ಉಳಿದವು. ಅವಳು ಎಲೆ ಕೊಯ್ಯುವ ದಿನ ಅವನೂ ಟೋಪಿ ಕೈಯಲ್ಲಿ ಹಿಡಿದು ಪ್ರಾರ್ಥನೆಗೆ ನಿಲ್ಲತೊಡಗಿದ. ಭಾನುವಾರ ಬಿಟ್ಟು ಬೇರೆ ದಿನ ದೇವರ ತಂಟೆಗೆ ಹೋಗುವವನಲ್ಲ ಅವನು. ಅವಳೂ ಸೋತದ್ದುಂಟು. ಒದ್ದೆ ಹಾಳೆಯ ಮೇಲೆ ಹೆಣೆದ ತುಂಡುಗಳನ್ನಿಟ್ಟು ಒತ್ತಿ, ಒಣಗಿದ ಮೇಲೆ ತೆಗೆದರೆ ಕಾಗದದ ಮೈಯಲ್ಲೇ ಹೆಣಿಗೆಯ ಉಬ್ಬು ಮೂಡುತ್ತದೆ. ಅದು ಅವಳ ಕಲ್ಪನೆ. ಉಬ್ಬು ತೀರ ದಪ್ಪವಾದರೆ ಪುಸ್ತಕ ಬಾಯಿ ಮುಚ್ಚುವುದಿಲ್ಲ ಎಂದು ಅವನು ಹಟ ಹಿಡಿದಾಗ, ನೋಯುವ ಬೆರಳುಗಳಲ್ಲೇ ಮತ್ತೆ ತೆಳುವಾಗಿ ಹೆಣೆದಳು.

ಕೊನೆಗೆ ಹಾಳೆಗಳ ಹೊಲಿಗೆ ಮುಗಿದು ಚರ್ಮ ಹೊದಿಸುವ ದಿನ ಬಂತು. ಪುಸ್ತಕದ ಬೆನ್ನಿಗೆ, ಚರ್ಮದ ಒಳಗೆ ಒಂದು ಗಟ್ಟಿ ಪಟ್ಟಿ ಇಡಬೇಕು, ಇಲ್ಲದಿದ್ದರೆ ಬೆನ್ನು ಕುಸಿಯುತ್ತದೆ. ಮರ್ವಜ್ಜ ಶೆಲ್ಫಿನ ರದ್ದಿಯಲ್ಲಿ ಕೈಯಾಡಿಸಿದ. ಆ ಗಂಟು ಗಂಟು ಹಾಳೆ ಸಿಕ್ಕಿತು. ಬಾಗುತ್ತದೆ, ಮುರಿಯುವುದಿಲ್ಲ, ಹೇಳಿ ಮಾಡಿಸಿದ ಹಾಗಿತ್ತು. ಅಳತೆಗೆ ಒಂದು ಪಟ್ಟಿ ಕತ್ತರಿಸಿ ಬೆನ್ನಿಗಿಟ್ಟು, ಮೇಲೆ ಕುರಿಯ ಚರ್ಮ ಎಳೆದು ಅಂಟಿಸಿದ. ಉಳಿದ ಹಾಳೆಯನ್ನು ಅಂಟು ಬೀಳದಿರಲಿ ಎಂದು ಮೇಜಿಗೆ ಹಾಸಿಕೊಂಡಿದ್ದ. ಕೆಲಸ ಮುಗಿದ ಮೇಲೆ ಅದನ್ನು ಮುದುರಿ ಒಲೆಗೆ ಹಾಕಿದ.

ಪುಟ್ಟ ಮೀನು ಹಿಡಿಯುವ ಕಾಲ. ನದಿಯ ದಂಡೆಯುದ್ದಕ್ಕೂ ಜನ ಬಲೆ ಇಟ್ಟು ಕೂತಿದ್ದರು. ಮರ್ವಜ್ಜ ಪುಸ್ತಕವನ್ನು ಕೋಟಿನೊಳಗೆ ಅವಚಿಕೊಂಡು, ಯಾರ ಜೊತೆಗೂ ನಿಲ್ಲದೆ ರೀಪೆಕಜ್ಜಿಯ ಮನೆಗೆ ಹೋದ. ಅವಳು ಮೇಜಿನಿಂದ ಮೊಟ್ಟೆಯಲ್ಲಿ ಕಲಸಿ ಹುರಿದ ಮೀನಿನ ತಟ್ಟೆ ಎತ್ತಿಟ್ಟು, ಎರಡು ಸಲ ಒರೆಸಿ, ಕೈ ತೊಳೆದು ಕೂತಳು. ಪುಸ್ತಕದಲ್ಲಿ ಒಂದಕ್ಷರವೂ ಇರಲಿಲ್ಲ. ಮೊದಲ ಹಾಳೆಗಳು ಒಣಹುಲ್ಲಿನ ಬಣ್ಣ, ನಡುವಿನವು ತೊಗಟೆಯ ರಸದಲ್ಲಿ ಅದ್ದಿದ ಕಂದು, ಕೊನೆಯವು ಜೌಗಿನ ಕೆಸರಿನಲ್ಲಿ ಅದ್ದಿದ ಕಪ್ಪು. ಮಳೆ ಬಂದಾಗ ನಮ್ಮ ನದಿ ಬಣ್ಣ ತಿರುಗುವ ಹಾಗೆ. ಹಾಳೆ ಹಾಳೆಗೂ ಬೇರೆ ಹೆಣಿಗೆಯ ಉಬ್ಬು.

ಅವಳು ಕೊನೆಯವರೆಗೂ ನೋಡಿ ಮುಚ್ಚಿದಳು. ಒಳ್ಳೆಯದಾಗಿದೆ ಅಂದಳು. ಅವಳ ಬಾಯಲ್ಲಿ ಅದು ದೊಡ್ಡ ಮಾತು. ಆಮೇಲೆ ಕೇಳಿದಳು, "ಸರಿ. ಯಾರಿಗೆ?"

"ಯಾರಿಗೆ ಅಂದ್ರೆ?"

"ಯಾರಿಗೆ ಕೊಡೋದು ಅಂತ. ಮೊದಲ್ನೇದಲ್ವಾ?"

ಮರ್ವಜ್ಜ ತಮಾಷೆ ಎಂದುಕೊಂಡು ನಕ್ಕ. ಅವಳು ನಗಲಿಲ್ಲ. ಹೆಣೆಯಲು ಕಲಿತವರು ತಮ್ಮ ಕೈಯ ಮೊದಲ ವಸ್ತುವನ್ನು ಕೊಟ್ಟುಬಿಡಬೇಕು, ಇಟ್ಟುಕೊಂಡರೆ ಕೈ ಅಲ್ಲೇ ನಿಂತುಹೋಗುತ್ತದೆ. ಅವಳ ಅಮ್ಮ ಕೊಟ್ಟಿದ್ದಳು, ಅವಳೂ ಆರು ವರ್ಷದವಳಿದ್ದಾಗ ತನ್ನ ಮೊದಲ ಸೊಟ್ಟ ಬುಟ್ಟಿಯನ್ನು ಅತ್ತುಕೊಂಡೇ ಕೊಟ್ಟಿದ್ದಳು.

"ಅದು ಹೆಣೆಯೋರ ಶಾಸ್ತ್ರ. ನಾನು ಹೊಲಿಯೋನು" ಅಂದ ಮರ್ವಜ್ಜ.

"ಕಾಗದ ಯಾವುದ್ರದ್ದು?"

"ಹರಕೆಕೆದು."

"ಮತ್ತೆ?"

ಮರ್ವಜ್ಜ ಆ ದಿನ ಪುಸ್ತಕ ಅವಚಿಕೊಂಡು ಮನೆಗೆ ಬಂದ. ಹಸಿರು ಮಖಮಲ್ಲಿನ ಮೇಲಿಟ್ಟು ರಾತ್ರಿಯ ಊಟದ ಹೊತ್ತಿಗೆ ಒಂದು ಉಪಾಯ ಹೂಡಿದ. ಮರುದಿನ ಹೋಗಿ, ಪುಸ್ತಕ ಕೊಟ್ಟಾಯಿತು ಎಂದು ರೀಪೆಕಜ್ಜಿಗೆ ಹೇಳಿದ. ಯಾರಿಗೆ ಅಂದಳು. ಲೋರ್ನಾಗೆ ಅಂದ. ಎಲ್ಲಿಟ್ಟಿದ್ದಾಳೆ ಅಂದಳು. ಬೀರುವಿನಲ್ಲಿ ಅಂದ.

"ಈ ಜೇಬಿಂದ ತೆಗ್ದು ಆ ಜೇಬಿಗೆ ಹಾಕಿದೀಯ" ಅಂದಳು ರೀಪೆಕಜ್ಜಿ. "ಕೋಟು ನಿಂದೇ."

ಹಾಗಾದರೆ ನಿನಗೇ ಕೊಡುತ್ತೇನೆ ಅಂದ. ಅರ್ಧ ತಾನೇ ಮಾಡಿದ್ದನ್ನು ತನಗೇ ಹೇಗೆ ಕೊಡುತ್ತೀ ಅಂದಳು. ಅವನಿಗೆ ರೇಗಿತು. ಎಲ್ಲ ಕೊಟ್ಟೇ ಬಂದವನು ತಾನು, ಕೊಟ್ಟದ್ದಕ್ಕೆ ಲೆಕ್ಕವೇ ಇಲ್ಲ, ಇದೊಂದನ್ನು ಇಟ್ಟುಕೊಂಡರೆ ಯಾರಿಗೇನು ನಷ್ಟ ಎಂದು ಕೂಗಾಡಿದ. ಅವಳು ಕೇಳುವಷ್ಟೂ ಕೇಳಿದಳು.

"ನನ್ನರ್ಧ ಅಂತೂ ಹೋಗ್ಬೇಕು, ಮರ್ವ್. ನಿನ್ನರ್ಧ ನೀನು ಇಟ್ಕೋ. ಜನ್ಮ ಪೂರ್ತಿ ಚೂರಿ ಹಿಡಿದವನಲ್ವಾ, ಎರಡು ಮಾಡು."

ಮರ್ವಜ್ಜ ಸೋತ ಮಗುವಿನ ಹಾಗೆ ಇನ್ನೊಂದು ಕಲ್ಲು ಎಸೆದ. "ನೀನೇನು ದೊಡ್ಡ ಶಾಸ್ತ್ರ ಮಾಡಿದೀಯ. ನಿನ್ನ ಮೊದಲನೇ ಕಾಗದ ಯಾರಿಗೆ ಕೊಟ್ಟೆ?"

ಅವಳಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನಿಂಗೆ ಕೊಟ್ನಲ್ಲೋ. ಟವೆಲಲ್ಲಿ ಸುತ್ಕೊಂಡು ಬಂದಿರ್ಲಿಲ್ವಾ? ಅಮ್ಮನ ಪುಸ್ತಕ ಹೊಲಿದು ಕೊಟ್ಟಿದ್ದಕ್ಕೆ."

ಅಲ್ಲಿಂದ ಹೇಗೆ ಮನೆ ಸೇರಿದೆ ಎಂಬುದು ಮರ್ವಜ್ಜನಿಗೆ ಇವತ್ತಿಗೂ ನೆನಪಿಲ್ಲ. ಹೊರಡುವಾಗ ಅವನು ಒಂದು ಮಾತು ಮಾತ್ರ ಕೇಳಿದ್ದ: ಅದನ್ನು ಏನು ಮಾಡಿದೆ ಎಂದು ನೀನು ಯಾವತ್ತೂ ಕೇಳಲೇ ಇಲ್ಲವಲ್ಲ. ಕೊಟ್ಟ ಮೇಲೆ ಯಾರಾದರೂ ಕೇಳುತ್ತಾರೇನೋ ಎಂದಿದ್ದಳು ಅವಳು.

ಅವನು ಶೆಡ್ಡಿನ ಬಾಗಿಲು ಹಾಕಿಕೊಂಡು ಪುಸ್ತಕವನ್ನು ಮುಂದಿಟ್ಟುಕೊಂಡು ಕೂತ. ಚೂರಿಯ ತುದಿ ಬೆನ್ನಿನ ಮಡಿಕೆಗೆ ತಾಗಿಸಿದ. ಒಂದು ಗೀರು ಎಳೆದರೆ ಚರ್ಮ ತೆರೆದುಕೊಳ್ಳುತ್ತದೆ, ಒಳಗಿನ ಪಟ್ಟಿ ಹೊರಗೆ ಬರುತ್ತದೆ. ಬಂದರೆ? ಅದೊಂದು ಪಟ್ಟಿ, ಹಾಳೆಯಲ್ಲ. ಹಾಳೆ ಬೂದಿಯಾಗಿ ಲೋರ್ನಾಳ ಗುಲಾಬಿ ಗಿಡಗಳ ಬುಡ ಸೇರಿತ್ತು. ಅವನು ಚೂರಿ ಕೆಳಗಿಟ್ಟ. ವಿಷಯ ತಿಳಿದ ಲೋರ್ನಾ, ಹೋಗಿ ಹೇಳಿಬಿಡು, ಅವಳೇನು ನಿನ್ನನ್ನು ನುಂಗುವುದಿಲ್ಲ ಅಂದಳು. ನುಂಗಿದರೆ ವಾಸಿ, ಸುಮ್ಮನೆ ನೋಡುತ್ತಾಳೆ, ಅದನ್ನು ತಡೆಯಲಾರೆ ಅಂದ.

ಪುಸ್ತಕ ಗಾಜಿನ ಹಿಂದೆ ಕೂತಿತು. ಮರ್ವಜ್ಜ ಬೇಕೆಂದದ್ದು ಇದೇ. ಆದರೆ ಎದುರಿನ ಕುರ್ಚಿಯಲ್ಲಿ ಕೂತರೆ ಪುಸ್ತಕ ತನಗೆ ಬೆನ್ನು ತೋರಿಸುತ್ತಿದೆ ಅನಿಸುತ್ತಿತ್ತು. ಎದ್ದು ಅದನ್ನು ತಿರುಗಿಸಿಟ್ಟ. ಆಗ ಬಾಚದ ಅಂಚುಗಳು ಕಾಣಿಸಿ ಇನ್ನೂ ಸಂಕಟವಾಯಿತು. ರೀಪೆಕಜ್ಜಿಯ ಮನೆಯ ಬೀದಿ ತಪ್ಪಿಸಲು ಹಾಲಿನ ಅಂಗಡಿಗೂ ಊರು ಸುತ್ತಿ ಹೋಗತೊಡಗಿದ.

ಲೋರ್ನಾ ಗುರುವಾರಗಳಂದು ವೃದ್ಧರ ಮನೆಗೆ ಹೋಗಿ ಪಿಯಾನೋ ನುಡಿಸುತ್ತಾಳೆ. ಪಾವೊರಾ ಈಗ ಅಲ್ಲಿದ್ದಾನೆ. ಸಕ್ಕರೆ ಕಾಯಿಲೆ ಅವನ ಕಣ್ಣುಗಳನ್ನು ತಿಂದುಹಾಕಿತ್ತು. ಕಣ್ಣು ಹೋದ ಮೇಲೆ ಮರ್ವಜ್ಜ ಒಮ್ಮೆ ಹೋಗಿದ್ದ. ಏನು ಮಾತಾಡುವುದೆಂದು ತಿಳಿಯದೆ ರಗ್ಬಿಯ ಅಂಕಗಳನ್ನು ಹೇಳಿ ಎದ್ದು ಬಂದಿದ್ದ. ಮತ್ತೆ ಹೋಗಿರಲಿಲ್ಲ. ಆ ಗುರುವಾರ ಲೋರ್ನಾ ಬಂದು ಕೋಟು ಕಳಚುತ್ತ, ಪಾವೊರಾ ನಿನ್ನ ವಿಷಯ ಕೇಳಿದ ಅಂದಳು. ಏನು ಕೇಳಿದ ಅಂದ ಮರ್ವಜ್ಜ.

"ಮರ್ವ್ ಈಗ ಯಾರ ಪಕ್ಕ ನಿಂತ್ಕೊತಾನೆ ಅಂದ."

  ಮರುದಿನ ಬೆಳಿಗ್ಗೆ ಮರ್ವಜ್ಜ ಪುಸ್ತಕ ತೆಗೆದುಕೊಂಡು, ಸುತ್ತು ದಾರಿ ಬಿಟ್ಟು ನೇರ ದಾರಿಯಲ್ಲೇ ರೀಪೆಕಜ್ಜಿಯ ಬಾಗಿಲಿಗೆ ಬಂದು ನಿಂತ.

"ನಂದೆಲ್ಲ ಹಡಗು ಹತ್ತಿ ಹೋಯ್ತು ಅಂತಿದ್ನಲ್ಲ, ಅದು ಸುಳ್ಳು ಕಣೇ. ನನ್ನ ಕೈ ಬಿಟ್ಟದ್ದೆಲ್ಲ ಮೊದ್ಲು ಪಾವೊರಾನ ಕೈಗೇ ಹೋಗ್ತಿತ್ತು. ಇದೂ ಅಲ್ಲಿಗೇ ಹೋಗ್ಲಿ."

ರೀಪೆಕಜ್ಜಿ ಒಳಗೆ ಹೋಗಿ ಒಳ್ಳೆಯ ಕೋಟು ಹಾಕಿಕೊಂಡು ಬಂದಳು. ಅರ್ಧ ಅವಳದೂ ಹೋಗುತ್ತಿತ್ತಲ್ಲ.

ಕಾರಿನಲ್ಲಿ ಮರ್ವಜ್ಜ ಹಾಳೆಯ ವಿಷಯ ಹೇಳಿಬಿಡಬೇಕೆಂದು ಮತ್ತೆ ಮತ್ತೆ ಬಾಯಿ ತೆರೆದ. ಬಾಯಿಂದ ಬಂದದ್ದು ಮಾತ್ರ ಮೋಡ, ಗಾಳಿ, ಸೇತುವೆಗೆ ಬಳಿದ ಹೊಸ ಬಣ್ಣ. ಸೇತುವೆಯ ಬಣ್ಣದಲ್ಲಿ ಇವನಿಗೆ ಯಾವಾಗಿನಿಂದ ಆಸಕ್ತಿ ಬಂತಪ್ಪ ಎಂದು ಆಗಲೇ ಅನುಮಾನ ಬಂತು ಅನ್ನುತ್ತಾಳೆ ರೀಪೆಕಜ್ಜಿ.

ಪಾವೊರಾ ಕಿಟಕಿಯ ಹತ್ತಿರ ಕೂತಿದ್ದ. ಬೆಟ್ಟ ಕರಗಿ ಗುಡ್ಡವಾಗಿತ್ತು, ಕೈಗಳು ಮಾತ್ರ ಹಾಗೇ ಇದ್ದವು. ಹೆಜ್ಜೆ ಸದ್ದಿಗೇ ಮುಖ ತಿರುಗಿಸಿದ. ರೀಪೆಕಜ್ಜಿ ಚಿಕ್ಕದೊಂದು ಪ್ರಾರ್ಥನೆ ಹೇಳಿದಳು. ಮರ್ವಜ್ಜ ಪುಸ್ತಕವನ್ನು ಅವನ ತೊಡೆಯ ಮೇಲಿಟ್ಟ.

"ಏನು ಬರ್ದಿದೆ ಇದ್ರಲ್ಲಿ?"

"ಏನೂ ಇಲ್ಲ."

"ವಾಸಿ. ನಾನು ಓದ್ತಿದ್ದದ್ದೂ ಅಷ್ಟರಲ್ಲೇ ಇತ್ತು."

ಅವನು ಹಾಳೆಗಳನ್ನು ಒಂದೊಂದಾಗಿ ತಿರುವಿದ. ಹೆಣಿಗೆಯ ಉಬ್ಬಿನ ಮೇಲೆ ಬೆರಳುಗಳು ನಿಧಾನ ನಡೆದವು. ಇದು ಚಾಪೆಯದು ಅಂದ, ಇದು ನನ್ನಮ್ಮ ಹೆಣೆಯುತ್ತಿದ್ದ ಬುಟ್ಟಿಯದು ಅಂದ. ಇನ್ನೊಂದರಲ್ಲಿ ನಿಂತು, ಮುಂದೆ ಹೋಗದೆ ಅದನ್ನೇ ಸವರುತ್ತ ಕೂತ. ಕಪ್ಪು ಹಾಳೆಗಳಿಗೆ ಬಂದಾಗ ಮೂಗಿಗೆ ಹಿಡಿದು, ಜೌಗಿನ ವಾಸನೆ ಎಂದು ನಕ್ಕ. ಆಮೇಲೆ ಪುಸ್ತಕ ಮುಚ್ಚಿ, ಚರ್ಮದ ಮೇಲೆ ಅಂಗೈ ಆಡಿಸಿ, ಇದು ನಮ್ಮ ಕುರಿಯೇ ಅಂದ. ಅಂಚು ಎಷ್ಟು ತೆಳ್ಳಗಿದೆಯೆಂದು ಉಗುರಿನಲ್ಲಿ ಪರೀಕ್ಷಿಸಿ ತಲೆಯಾಡಿಸಿದ. ಕೊನೆಗೆ ಅವನ ಹೆಬ್ಬೆರಳು ಬೆನ್ನಿನ ಮೇಲಿಂದ ಕೆಳಗೆ ಇಳಿಯಿತು. ಅರ್ಧ ದಾರಿಯಲ್ಲಿ ನಿಂತಿತು. ಹಿಂದೆ ಹೋಯಿತು. ಮತ್ತೆ ಅಲ್ಲಿಗೇ ಬಂತು.

"ಬಿಟ್ಟಿದ್ದೀಯ, ಮರ್ವ್" ಅಂದ ಪಾವೊರಾ.

ಪಾವೊರಾ ಹೆಬ್ಬೆರಳನ್ನು ಅಲ್ಲೇ ಒತ್ತಿದ.

"ಇಲ್ಲಿ ಒಳಗಡೆ ಏನೋ ಗಂಟಿದೆ. ಚರ್ಮದ್ದಲ್ಲ, ನಾರಿಂದು."

ಎಲ್ಲಿ ಎಂದು ರೀಪೆಕಜ್ಜಿ ಬಾಗಿದಳು. ಪಾವೊರಾ ಅವಳ ಬೆರಳನ್ನು ಆ ಜಾಗಕ್ಕೆ ಒಯ್ದ. ಅವಳ ಊದಿದ ಬೆರಳು ಅಲ್ಲಿ ಒಂದು ಸುತ್ತು ತಿರುಗಿತು. ಬೇಯದ ಹರಕೆಕೆಯ ಗಂಟು. ಅಂಥದ್ದನ್ನು ಅವಳು ಒಂದೇ ಒಂದು ಸಲ ಮಾಡಿದ್ದಳು.

"ಇದು ನಂದು" ಅಂದಳು.

ಆಗ ಮರ್ವಜ್ಜ ಎಲ್ಲ ಹೇಳಿದ. ರದ್ದಿ ಎಂದುಕೊಂಡದ್ದು, ಪಟ್ಟಿ ಕತ್ತರಿಸಿದ್ದು, ಉಳಿದದ್ದಕ್ಕೆ ಅಂಟು ಮೆತ್ತಿ ಸುಟ್ಟದ್ದು, ಗುಲಾಬಿ ಗಿಡ, ಸೇತುವೆಯ ಬಣ್ಣ ಎಲ್ಲವನ್ನೂ, ಟೋಪಿ ಕೈಯಲ್ಲಿ ತಿರುಗಿಸುತ್ತ. ಹೇಳಿ ಮುಗಿದರೂ ಅವಳು ಬೆರಳು ತೆಗೆಯಲಿಲ್ಲ.

"ಪೂರ್ತಿ ಒಲೆಗೆ ಹಾಕಿರ್ತೀಯ ಅಂದ್ಕೊಂಡಿದ್ದೆ ಕಣೋ" ಅಂದಳು ಕೊನೆಗೆ. "ಬೆನ್ನಿಗೆ ಇಟ್ಟಿದ್ದೀಯ."

"ಗೊತ್ತಿಲ್ದೆ ಇಟ್ಟೆ ಕಣೇ."

"ಗೊತ್ತಿದ್ರೆ ನೀನು ಗಾಜಿನ ಬೀರುವಲ್ಲಿ ಇಡ್ತಿದ್ದೆ. ಧೂಳು ಹಿಡೀತಿತ್ತು."

ಪಾವೊರಾ ನಡುವೆ ಬಾಯಿ ಹಾಕಿ, ನೀವಿಬ್ಬರೂ ಜಗಳ ಆಡಿ ಇದನ್ನೇನಾದರೂ ವಾಪಸು ಒಯ್ಯುವ ಯೋಚನೆ ಇದೆಯೇ ಎಂದು ಕೇಳಿದ. ಇಲ್ಲ ಅಂದರು ಇಬ್ಬರೂ, ಒಟ್ಟಿಗೇ. ಹಾಗಾದರೆ ಕುರ್ಚಿ ಎಳೆದುಕೊಂಡು ಕೂರಿ, ನಿಂತವರ ನೆರಳು ತನಗೆ ಈಗಲೂ ಗೊತ್ತಾಗುತ್ತದೆ ಅಂದ. ಮರ್ವಜ್ಜ ಕುರ್ಚಿ ಎಳೆದು ಅವನ ಎಡಕ್ಕೆ ಕೂತ. ಚೈನಿನ ಪಕ್ಕ ನಿಲ್ಲುತ್ತಿದ್ದ ಕಡೆಗೇ.

ಆ ಪುಸ್ತಕ ಈಗ ನೋಡಿದರೆ ಗುರುತು ಸಿಗುವುದಿಲ್ಲ. ವೃದ್ಧರ ಮನೆಯ ಎಲ್ಲರೂ ಅದನ್ನು ಮುಟ್ಟಿದ್ದಾರೆ. ಕಂದು ಹಾಳೆಯೊಂದರ ಮೂಲೆಯಲ್ಲಿ ಜಾಮು ಅಂಟಿದೆ. ರೀಪೆಕಜ್ಜಿ ನೋಡಿಯೂ ನೋಡದವಳ ಹಾಗಿದ್ದಾಳೆ, ಕೊಟ್ಟ ಮೇಲೆ ಕೇಳುವ ಹಾಗಿಲ್ಲವಲ್ಲ. ಬೆನ್ನಿನ ಒಂದು ಜಾಗ ಮಾತ್ರ ಪಾವೊರಾನ ಹೆಬ್ಬೆರಳಿಗೆ ಸವೆದು ಕನ್ನಡಿಯ ಹಾಗೆ ಹೊಳೆಯುತ್ತದೆ.

ಎರಡನೆಯ ಪುಸ್ತಕ ಈ ಬೇಸಿಗೆಯಲ್ಲಿ ಮುಗಿಯಿತು. ಇದನ್ನು ಇಟ್ಟುಕೊಳ್ಳಬಹುದು ಎಂದು ರೀಪೆಕಜ್ಜಿ ಅಪ್ಪಣೆ ಕೊಟ್ಟಿದ್ದಾಳೆ. ಅದು ಬೀರುವಿನಲ್ಲಿ ಹಸಿರು ಮಖಮಲ್ಲಿನ ಮೇಲಿದೆ. ಎರಡೂ ಪಕ್ಕ ಕೆಟಲುಗಳು ವಾಪಸು ಬಂದಿವೆ, ರಾಣಿಗೆ ಹಳೆಯ ಸ್ಥಾನ ಸಿಕ್ಕಿದೆ. ಆದರೆ ಬೀರು ಸೇರುವ ಮುಂಚೆ ಆ ಪುಸ್ತಕವೂ ಒಂದು ಗುರುವಾರ ಪಾವೊರಾನ ತೊಡೆಯ ಮೇಲೆ ಹೋಗಿ ಬಂತು. ಮರ್ವಜ್ಜ ರೀಪೆಕಜ್ಜಿಯನ್ನು ಕಾಡಿ ಬೇಡಿ ಅರ್ಧ ಬೇಯಿಸಿದ ಎಲೆಯ ಒಂದು ಹಾಳೆ ಮಾಡಿಸಿಕೊಂಡಿದ್ದ. ಅದರಿಂದ ಒಂದು ಪಟ್ಟಿ ಕತ್ತರಿಸಿ, ಗಂಟು ಇರುವ ಕಡೆಯನ್ನೇ ನೋಡಿ ಬೆನ್ನಿನೊಳಗೆ ಇಟ್ಟಿದ್ದ.

ಪಾವೊರಾನ ಹೆಬ್ಬೆರಳು ಮೇಲಿಂದ ಇಳಿದು ಬಂತು. ಮರ್ವಜ್ಜ ಆ ಹಳೆಯ ಮಾತಿಗೆ ಕಾಯುತ್ತಿದ್ದ.